ಕುದುರೆಯ ಹಿಂದೆ ಕೂತವರು

ದೇವನಹಳ್ಳಿ

ನನಗೆ ಭಯವಿಲ್ಲದ ವಸ್ತು ಯಾವುದೆಂದು ಕೇಳಿದರೆ ಯೋಚಿಸಿ ಹೇಳಬೇಕಾಗುತ್ತದೆ. ಲಿಫ್ಟು, ಗ್ಯಾಸ್ ಸಿಲಿಂಡರು, ಪರವೂರಿನ ನೀರು, ಗೊತ್ತಿಲ್ಲದ ನಂಬರಿನಿಂದ ಬರುವ ಫೋನು, ಎಲ್ಲಕ್ಕೂ ಹೆದರುತ್ತೇನೆ. ಎಲ್ಲಕ್ಕಿಂತ ಹೆಚ್ಚು ಹೆದರುವುದು ಕುದುರೆಗೆ. ಮದುವೆಯಾಗಿ ಜಡಿಗೇನಹಳ್ಳಿಗೆ ಬಂದ ಹೊಸತರಲ್ಲಿ ನಮ್ಮ ಮಾವನವರ ಜಟಕಾ ಕುದುರೆ ಹಿಂದಿನಿಂದ ಕತ್ತು ಚಾಚಿ ನನ್ನ ಜಡೆಯನ್ನು ಕನಕಾಂಬರದ ಸಮೇತ ಬಾಯಿಗೆ ಹಾಕಿಕೊಂಡಿತ್ತು. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ನಾನು ಕುದುರೆ ಇರುವ ಕಡೆಗೆ ಬೆನ್ನು ಹಾಕಿ ನಿಂತವಳಲ್ಲ. ಇಂಥವಳು ಕಿರ್ಗಿಸ್ತಾನದ ಬೆಟ್ಟದ ಮೇಲೆ ಕುದುರೆಗಳ ನಡುವೆ ಮೂರು ದಿನ ಇದ್ದು ಬಂದೆ ಎಂದರೆ ನಮ್ಮ ಹಾಲಿನ ಡೇರಿಯಲ್ಲಿ ಕ್ಯಾನು ಹಿಡಿದು ನಿಲ್ಲುವ ಹೆಂಗಸರು ಇವತ್ತಿಗೂ ನಂಬುವುದಿಲ್ಲ.

ಹೋಗಿದ್ದು ಮಗಳು ರಮ್ಯಾಳನ್ನು ನೋಡಲು. ಅವಳು ಅಲ್ಲಿಯ ರಾಜಧಾನಿ ಬಿಷ್ಕೆಕ್‌ನಲ್ಲಿ ಡಾಕ್ಟರಿಕೆ ಓದುತ್ತಿದ್ದಾಳೆ. ನಮ್ಮ ಕಡೆಯ ಮಕ್ಕಳು ಅಲ್ಲಿ ಸಾಕಷ್ಟು ಜನ ಇದ್ದಾರೆ. ಅರಿಶಿನಕುಂಟೆಯ ಹುಡುಗಿಯೊಬ್ಬಳು ಅವಳದೇ ತರಗತಿ. ನಾನು ಮಗಳಿಗಾಗಿ ಹೊರಟರೆ ನಮ್ಮ ಯಜಮಾನರು ರಾಜಣ್ಣ ಹೊರಟಿದ್ದು ಕುದುರೆಗಾಗಿ. "ನಮ್ಮದು ಕುದುರೆ ಮನೆತನ" ಎನ್ನುವುದು ಅವರ ಬಾಯಲ್ಲಿ ದಿನಕ್ಕೊಂದು ಸಲವಾದರೂ ಬರುವ ಮಾತು. ರಾಗಿ ಹೊಲವಿತ್ತು, ಆದರೂ ಅವರ ತಾತ, ಅಪ್ಪ ಇಬ್ಬರೂ ಹೊಸಕೋಟೆಯಲ್ಲಿ ಜಟಕಾ ಹೊಡೆದವರು. ಇವರೂ ಮೀಸೆ ಚಿಗುರುವ ಕಾಲದಲ್ಲಿ ಲಗಾಮು ಹಿಡಿದಿದ್ದರು.

ನಾನು ಸೊಸೆಯಾಗಿ ಬಂದಾಗ ಹೊಸಕೋಟೆ ಬಸ್ ನಿಲ್ದಾಣದ ಪಕ್ಕದಲ್ಲಿ ಹುಣಸೇಮರದ ಕೆಳಗೆ ಜಟಕಾಗಳು ಸಾಲಾಗಿ ನಿಲ್ಲುತ್ತಿದ್ದವು. ಹುರುಳಿಯ ವಾಸನೆ, ಗಂಜಲದ ವಾಸನೆ ರಸ್ತೆಯವರೆಗೂ ಹಬ್ಬಿರುತ್ತಿತ್ತು. ಸಾಲಿನ ಕೊನೆಗೆ ಒಂದು ಆಟೋ ಬಂದು ನಿಂತಿತು. ಸ್ವಲ್ಪ ಕಾಲಕ್ಕೆ ಆಟೋಗಳ ಸಾಲಿನ ಕೊನೆಗೆ ಒಂದು ಜಟಕಾ ನಿಂತಿತ್ತು. ಕುದುರೆಗಳು ನೀರು ಕುಡಿಯುತ್ತಿದ್ದ ಕಲ್ಲಿನ ತೊಟ್ಟಿಯಲ್ಲಿ ಈಗ ಕಬ್ಬಿನ ಸಿಪ್ಪೆ ತುಂಬಿರುತ್ತದೆ. ಇವತ್ತು ನಮ್ಮ ತಾಲ್ಲೂಕಿನಲ್ಲಿ ಕುದುರೆ ನೋಡಬೇಕೆಂದರೆ ಯಾರದಾದರೂ ಮದುವೆ ಮೆರವಣಿಗೆಗೆ ಕಾಯಬೇಕು. ಇಲ್ಲದಿದ್ದರೆ ದೊಡ್ಡಬಳ್ಳಾಪುರದ ಕಡೆ ಹೋಗಿ, ರೇಸು ಕುದುರೆ ಸಾಕುವವರ ಕಾಂಪೌಂಡ್ ಗೋಡೆಯ ಮೇಲೆ ಕಾಣುವ ಕಿವಿಗಳನ್ನು ನೋಡಿಕೊಂಡು ಬರಬೇಕು. ನಮ್ಮವರು ಸ್ಕೂಟರ್ ನಿಲ್ಲಿಸಿ ಹಾಗೆ ಕಿವಿ ನೋಡಿಕೊಂಡು ಬಂದದ್ದೂ ಉಂಟು.

ಎರಡು ವರ್ಷದ ಹಿಂದೆ ಅವರ ಎದೆಗೆ ಸ್ಟೆಂಟು ಹಾಕಿದ್ದಾರೆ. ಆವತ್ತಿನಿಂದ ನನ್ನ ಭಯಗಳೆಲ್ಲ ಒಂದೇ ಕಡೆ ಬಂದು ಕೂತಿವೆ. ಅವರು ಸ್ನಾನದ ಮನೆಯಲ್ಲಿ ಸ್ವಲ್ಪ ತಡ ಮಾಡಿದರೆ ಬಾಗಿಲು ಬಡಿಯುತ್ತೇನೆ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಅವರು ಮಾತ್ರೆ ಡಬ್ಬಿ ಇಟ್ಟುಕೊಂಡಿದ್ದಾರೋ ಇಲ್ಲವೋ ಎಂದು ನಾನು ಪದೇ ಪದೇ ಜೇಬು ಮುಟ್ಟಿ ನೋಡುತ್ತಿದ್ದರೆ, ಸಾಲಿನಲ್ಲಿದ್ದವರು ನಮ್ಮನ್ನೇ ದುರುಗುಟ್ಟಿ ನೋಡಿದರು. ವಿಮಾನ ಮೇಲೇಳುವಾಗ ನಾನು ಕಣ್ಣು ಮುಚ್ಚಿ ಅವರ ತೋಳು ಹಿಡಿದೆ. ಇಳಿದ ಮೇಲೆ ನೋಡಿದರೆ ಅಲ್ಲಿ ನನ್ನ ಉಗುರಿನ ಗುರುತು ಮೂಡಿತ್ತು.

ಬಿಷ್ಕೆಕ್

ಊರು ಚೆನ್ನಾಗಿದೆ. ರಸ್ತೆಯ ಎರಡೂ ಕಡೆ ಮರ, ಮರದ ಬುಡದಲ್ಲಿ ಹರಿಯುವ ನೀರಿನ ಕಾಲುವೆ. ನಮ್ಮಲ್ಲಿ ಆಗಿದ್ದರೆ ಆ ಕಾಲುವೆ ಯಾವತ್ತೋ ಚರಂಡಿಯಾಗಿರುತ್ತಿತ್ತು. ಚಿಕ್ಕವರು ಬಸ್ಸಿನಲ್ಲಿ ನನ್ನನ್ನು ಕಂಡ ಕೂಡಲೇ ಎದ್ದು ನಿಲ್ಲುತ್ತಿದ್ದರು. ಮೊದಲ ಸಲ ಹಾಗೆ ಒಬ್ಬ ಎದ್ದಾಗ, ಬಸ್ಸಿಗೆ ಏನೋ ಆಗಿದೆ, ಇಳಿಯಬೇಕೇನೋ ಎಂದು ನಾನು ಗಾಬರಿಯಿಂದ ಬಾಗಿಲಿನ ಕಡೆ ಓಡಿದೆ. ರಮ್ಯಾ ಎರಡು ದಿನ ಅದನ್ನೇ ಹೇಳಿಕೊಂಡು ನಕ್ಕಳು.

ಸಂತೆಯಲ್ಲಿ ಮಾಂಸದ ಅಂಗಡಿಗಳ ಸಾಲಿಗೆ ಬಂದಾಗ ನಗು ನಿಂತಿತು. ಕುರಿ, ದನ ಆದ ಮೇಲೆ ಇನ್ನೊಂದು ಸಾಲು. ತಲೆಗೆ ಕೆಂಪು ಬಟ್ಟೆ ಕಟ್ಟಿಕೊಂಡ ಹೆಂಗಸು ನಗುತ್ತಾ ನಮಗೆ ಒಂದು ಚೂರು ಚಾಚಿದಳು. ನಮ್ಮವರು ಕೈ ಮುಂದೆ ಮಾಡಿದರು.

"ಅಪ್ಪಾ, ಅದು ಕುದುರೇದು" ಎಂದಳು ರಮ್ಯಾ.

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ನಾವೇನು ಸೊಪ್ಪು ತಿನ್ನುವವರಲ್ಲ. ಭಾನುವಾರ ನಮ್ಮ ಮನೆಯಲ್ಲಿ ನಾಟಿ ಕೋಳಿ ಸಾರು ಆಗಲೇಬೇಕು. ಆದರೆ ಆಯುಧಪೂಜೆಯ ದಿನ ಅವರಪ್ಪ ಕುದುರೆಯ ಕಾಲು ತೊಳೆದು ಅರಿಶಿನ ಕುಂಕುಮ ಇಟ್ಟು ಕೈ ಮುಗಿಯುವುದನ್ನು ನಾನೇ ನೋಡಿದ್ದೇನೆ. ಸಂತೆಯಿಂದ ಬಂದ ಮೇಲೆ ನಮ್ಮವರು ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆಗೆ ಊರಿಂದ ತಂದಿದ್ದ ರಾಗಿ ಹಿಟ್ಟಿನಲ್ಲಿ ಮುದ್ದೆ ತಿರುವಿ, ಟೊಮೆಟೊ ಗೊಜ್ಜು ಮಾಡಿ ಬಲವಂತದಿಂದ ಉಣ್ಣಿಸಿದೆ.

ಘಟ್ಟ

ರಮ್ಯಾ ಬಾಡಿಗೆಗಿರುವ ಮನೆಯ ಒಡತಿ ಸಾಯಿರಾ ಎಂಬ ಎಪ್ಪತ್ತರ ಹೆಂಗಸು. ಚಳಿಗಾಲದಲ್ಲಿ ಆಕೆ ಬಿಷ್ಕೆಕ್‌ನಲ್ಲಿರುತ್ತಾಳೆ. ಬೇಸಿಗೆಯಲ್ಲಿ ಮಗ ನುರ್ಲಾನನ ಜೊತೆ ಕುದುರೆ ಮಂದೆಯನ್ನು ಹೊಡೆದುಕೊಂಡು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೋಗಿ ಗುಡಾರ ಹಾಕುತ್ತಾಳೆ. ನಮ್ಮನ್ನು ಅಲ್ಲಿಗೇ ಕರೆದಿದ್ದಳು. ಆ ಹುಲ್ಲುಗಾವಲಿಗೆ ಅವರ ಭಾಷೆಯಲ್ಲಿ ಜೈಲೂ ಎನ್ನುತ್ತಾರೆಂದು ರಮ್ಯಾ ಹೇಳಿದಾಗಲೇ ನನಗೆ ಶಕುನ ಸರಿಯಿಲ್ಲ ಅನ್ನಿಸಿತ್ತು.

ದಾರಿಯನ್ನು ಏನೆಂದು ಹೇಳಲಿ. ಜೀಪಿನ ಮುಂದಿನ ಗಾಜು ಒಡೆದು ಜೇಡರ ಬಲೆಯ ಹಾಗೆ ಬಿರುಕು ಬಿಟ್ಟಿತ್ತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಅಲ್ಲಲ್ಲಿ ರಸ್ತೆಯ ಪಕ್ಕದಲ್ಲಿ ಹಳೆಯ ಗೋರಿಗಳು. ಪ್ರತಿ ಗೋರಿ ಬಂದಾಗಲೂ ಡ್ರೈವರು ಸ್ಟೀರಿಂಗ್‌ನಿಂದ ಎರಡೂ ಕೈ ಬಿಟ್ಟು, ಅಂಗೈಯಿಂದ ಮುಖವನ್ನು ಮೇಲಿಂದ ಕೆಳಕ್ಕೆ ಸವರಿಕೊಳ್ಳುತ್ತಿದ್ದ. ಸತ್ತವರಿಗೆ ಮರ್ಯಾದೆಯಂತೆ.

"ಬದುಕಿರೋರಿಗೂ ಸ್ವಲ್ಪ ಮರ್ಯಾದೆ ಕೊಡು ಅಂತ ಹೇಳೇ ಅವನಿಗೆ" ಎಂದು ನಾನು ಕಿರುಚಿದೆ.

"ಅಮ್ಮಾ, ನಮ್ಮೂರಲ್ಲಿ ಡ್ರೈವರ್‌ಗಳು ಗುಡಿ ಕಂಡ್ರೆ ಕೈ ಎತ್ತಿ ಮುಗಿಯಲ್ವಾ? ನೀನು ಅವಾಗ ಏನೂ ಅನ್ನಲ್ಲ."

"ನಮ್ಮೂರಲ್ಲಿ ರಸ್ತೆ ಪಕ್ಕ ಭೂಮಿ ಇರುತ್ತೆ ಕಣೇ!"

ಮೇಲೇರಿದಂತೆ ಉಸಿರು ಸಣ್ಣದಾಯಿತು. ನಾನು ಹೊರಗೆ ನೋಡುವುದನ್ನು ಬಿಟ್ಟು ನಮ್ಮವರ ಎದೆ ಏರಿಳಿಯುವುದನ್ನೇ ನೋಡುತ್ತಾ ಕೂತೆ. ಅವರಿಗೋ ಲೋಕದ ಪರಿವೆಯೇ ಇಲ್ಲ. "ಅಲ್ನೋಡೇ, ಅಲ್ನೋಡು" ಎಂದು ತಿರುವು ತಿರುವಿಗೂ ಬೆರಳು ತೋರಿಸುತ್ತಿದ್ದರು. ಎಲ್ಲಿ ನೋಡಿದರೂ ಕುದುರೆ. ಕಂದು, ಕಪ್ಪು, ಬೂದು, ಹಾಲುಬಿಳಿ. ಇಳಿಜಾರಿನಲ್ಲಿ, ಹೊಳೆಯ ಮಧ್ಯದಲ್ಲಿ, ನಟ್ಟನಡು ರಸ್ತೆಯಲ್ಲಿ. ಹಗ್ಗವಿಲ್ಲ, ಬೇಲಿಯಿಲ್ಲ, ಕಾಯುವವರಿಲ್ಲ. ಜೀಪು ನಿಲ್ಲಿಸಿ ಡ್ರೈವರು ಹಾರ್ನ್ ಹೊಡೆದರೆ ಅವು ನಮ್ಮನ್ನು ಒಮ್ಮೆ ನೋಡಿ, ಬೇಕೆನಿಸಿದಾಗ ದಾರಿ ಬಿಡುತ್ತಿದ್ದವು. ಅರವತ್ತು ದಾಟಿದ ಆ ಮನುಷ್ಯನ ಕಣ್ಣಲ್ಲಿ ನೀರು ಬಂದಿತ್ತು. ನನ್ನ ಕಣ್ಣಲ್ಲೂ ಬಂದಿತ್ತು, ನನ್ನದು ಹೆದರಿಕೆಯದು.

ಹುಲ್ಲುಗಾವಲು, ಮೊದಲ ದಿನ

ಉಣ್ಣೆಯ ದಪ್ಪ ಕಂಬಳಿ ಹೊದಿಸಿದ ದುಂಡು ಗುಡಾರ. ಒಳಗೆ ಒಲೆ, ಸುತ್ತ ರತ್ನಗಂಬಳಿ. ಗುಡಾರದ ಮುಂದೆ ನೆಲಕ್ಕೆ ಎಳೆದು ಕಟ್ಟಿದ ಹಗ್ಗ, ಆ ಹಗ್ಗಕ್ಕೆ ಪುಟ್ಟ ಮರಿಗಳನ್ನು ಕಟ್ಟಿರುತ್ತಾರೆ. ಮರಿ ಇಲ್ಲಿದ್ದರೆ ತಾಯಿ ಎಲ್ಲಿ ಮೇಯ್ದರೂ ಹಾಲು ಕೊಡಲು ಬಂದೇ ಬರುತ್ತದೆ. ಹಾಲು ಕರೆಯುವುದು ಸಾಯಿರಾಳ ಕೆಲಸ, ಯಾಕೆಂದರೆ ಸೊಸೆ ಹೆರಿಗೆಗೆಂದು ಕೆಳಗಿನ ಊರಿನಲ್ಲಿದ್ದಳು. ನಲವತ್ತು ವರ್ಷ ಎಮ್ಮೆ ಹಸು ಕರೆದ ನನಗೆ ಆ ಮುದುಕಿ ಒಂದು ಮೊಣಕಾಲೂರಿ, ಕುದುರೆಯ ಕಾಲನ್ನು ತೋಳಿನಿಂದ ಬಳಸಿ ಕರೆಯುವುದನ್ನು ನೋಡಿ ಮೈ ಜುಮ್ಮೆಂದಿತು. ಒಂದು ಒದೆ ಬಿದ್ದರೆ ಕಥೆ ಮುಗಿಯಿತು.

ಕಟ್ಟದೇ ಬಿಟ್ಟಿದ್ದ ಒಂದು ಮರಿಯಿತ್ತು. ಮರಿ ಎಂದರೆ ಹೋದ ವರ್ಷದ್ದು, ಗಂಡು, ನನ್ನ ಭುಜದೆತ್ತರ ಬೆಳೆದಿತ್ತು. ಅದರ ತಾಯಿ ಬೂದುಬಣ್ಣದ್ದು, ಈ ವರ್ಷ ಗಬ್ಬವಾಗಿರಲಿಲ್ಲ. ಹಾಗಾಗಿ ಇದು ಇನ್ನೂ ಅವಳ ಹಾಲನ್ನೇ ಕುಡಿಯುತ್ತಿತ್ತು. ಅಷ್ಟು ದೊಡ್ಡ ದೇಹವನ್ನು ಬಗ್ಗಿಸಿ, ಕತ್ತು ತಿರುಚಿ ಕೆಚ್ಚಲಿಗೆ ಬಾಯಿ ಹಾಕುವುದನ್ನು ನೋಡಿ ನನಗೇ ನಗು ಬಂತು. ನಮ್ಮವರು ಅದಕ್ಕೆ ಜೇಬಿನಿಂದ ಬೆಲ್ಲ ತೆಗೆದು ಕೊಟ್ಟರು. ಆಮೇಲೆ ಅದು ಅವರ ಬೆನ್ನು ಬಿಡಲಿಲ್ಲ.

ಕುದುರೆ ಹಾಲನ್ನು ಹುಳಿ ಬರಿಸಿ ಬಟ್ಟಲಲ್ಲಿ ಕೊಟ್ಟರು. ಹುಳಿ ಮಜ್ಜಿಗೆಗೆ ಹೊಗೆ ಹಾಕಿದ ಹಾಗಿತ್ತು. ಕುಡಿಯುತ್ತಾ ಮಾತಿಗೆ ಕೂತೆವು. ಸಾಯಿರಾ ರಷ್ಯನ್‌ನಲ್ಲಿ ಹೇಳುತ್ತಿದ್ದಳು, ರಮ್ಯಾ ನಮ್ಮ ಮಾತಿನಲ್ಲಿ ಒಪ್ಪಿಸುತ್ತಿದ್ದಳು.

"ಇವರಜ್ಜನ ಕಾಲ್ದಲ್ಲಿ ಬೆಟ್ಟ ತುಂಬಾ ಕುದುರೆ ಇದ್ವಂತೆ. ಆಮೇಲೆ ಸರ್ಕಾರಿ ಫಾರಂ ಬಂದು ಎಲ್ಲಾರ್ದೂ ಕಿತ್ಕೊಂಡು ಒಟ್ಟಿಗೆ ಹಾಕಿದ್ರಂತೆ. ಟ್ರಾಕ್ಟರ್ ಬಂತು. ಉಣ್ಣೆಗೆ ಕುರಿ ಸಾಕಿ, ಕುದುರೆ ಯಾಕೆ ಬೇಕು ಅಂದ್ರು. ಲಾರಿಗಟ್ಲೆ ಸಾಗಿಸ್ಬಿಟ್ರಂತೆ. ಇವರು ಸ್ಕೂಲಿಗೆ ಹೋಗೋವಾಗ ಈ ಇಳಿಜಾರಲ್ಲಿ ಬೆರಳೆಣಿಕೆಯಷ್ಟೂ ಇರ್ಲಿಲ್ವಂತೆ."

"ಮತ್ತೆ ಈಗ ಇಷ್ಟೊಂದು?" ಎಂದರು ನಮ್ಮವರು.

"ಆ ಸರ್ಕಾರ ಬಿದ್ದೋದ್ಮೇಲೆ ಫಾರಂ ಹಂಚ್ಕೊಂಡ್ರಂತೆ. ಮನೆಗೆ ಒಂದೋ ಎರಡೋ ಬಂದ್ವು. ಅಲ್ಲಿಂದ ಬೆಳೀತಾನೇ ಇದಾವೆ. ಈಗ ಹುಲ್ಲು ಸಾಕಾಗ್ತಿಲ್ಲ ಅಂತ ನುರ್ಲಾನ್‌ಗೆ ಭಯ. ಕಮ್ಮಿ ಇದ್ದಾಗ ಮುಗಿದೇ ಹೋಗ್ತವೆ ಅಂತ ಸಾಯಿರಾ ಅಜ್ಜಿಗೆ ಭಯ ಇತ್ತು, ಈಗ ಜಾಸ್ತಿ ಆದ್ವು ಅಂತ ಮಗನಿಗೆ ಭಯ."

ಭಯದ ವಿಷಯ ಬಂದದ್ದರಿಂದ ನನಗೆ ಆ ಮನೆಯವರು ಹತ್ತಿರವಾದರು. ಆದರೆ ನಮ್ಮವರು ಸುಮ್ಮನಿರಲಾರದೆ ಕೇಳಿದರು: "ಇಷ್ಟು ಪ್ರೀತಿಯಿಂದ ಸಾಕ್ತೀರಿ. ತಿನ್ನೋಕೆ ಹೆಂಗೆ ಮನಸ್ಸು ಬರುತ್ತೆ ಅಂತ ಕೇಳು. ನಮ್ಮ ಕಡೆ ಒಬ್ರೂ ಕುದುರೆ ತಿನ್ನಲ್ಲ, ಪೂಜೆ ಮಾಡ್ತೀವಿ ಅಂತ ಹೇಳು."

ಸಾಯಿರಾ ತಲೆದೂಗಿದಳು. ಅವಳ ಮುಖದಲ್ಲಿ ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ತಿಳಿಯುವ ಆಸೆಯಿತ್ತು.

"ಯಾರೂ ತಿನ್ನಲ್ಲ ಅಂದ್ರೆ ನಿಮ್ಮೂರಲ್ಲಿ ಬೇಜಾನ್ ಕುದುರೆ ಇರ್ಬೇಕಲ್ವಾ ಅಂತ ಕೇಳ್ತಿದಾರೆ ಅಪ್ಪಾ."

ನಮ್ಮವರು ಬಟ್ಟಲಲ್ಲಿದ್ದುದನ್ನು ಒಂದೇ ಗುಟುಕಿಗೆ ಮುಗಿಸಿದರು. ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಹೋಗಿಯೇ ಅವರು ಎಡವಿದ್ದು. "ನಮ್ಮದು ಮೂರು ತಲೆಮಾರಿಂದ ಕುದುರೆ ಮನೆತನ ಅಂತ ಹೇಳು" ಎಂದರು. ರಮ್ಯಾ ಹೇಳಿದಳು. ನುರ್ಲಾನನ ಮುಖ ಅರಳಿತು. ಅಲ್ಲಿ ನಡೆಯಲು ಕಲಿಯುವ ಮೊದಲು ಸವಾರಿ ಕಲಿಯುತ್ತಾರೆ. ಕುದುರೆ ಮನೆತನದ ಗಂಡಸು ಕುದುರೆ ಹತ್ತಿಲ್ಲ ಎನ್ನುವುದು ಅವರ ಕಲ್ಪನೆಗೂ ಬರುವ ಮಾತಲ್ಲ. ನಾಳೆ ಆಚೆ ಕಣಿವೆಯಿಂದ ಮಂದೆ ತರಲು ಹೋಗುತ್ತೇನೆ, ಜೊತೆಗೆ ಬನ್ನಿ ಎಂದು ಅವನು ಎರಡೂ ಕೈಯಿಂದ ನಮ್ಮವರ ಕೈ ಹಿಡಿದುಕೊಂಡ. ಇವರು ತಲೆಯಾಡಿಸಿಬಿಟ್ಟರು.

ನಾನು ಅವರ ಶಾಲು ಹಿಡಿದು ಜಗ್ಗಿದೆ. "ರೀ, ನೀವ್ಯಾವಾಗ ಕುದುರೆ ಮೇಲೆ ಕೂತಿದ್ರಿ? ನಿಮ್ಮ ವಂಶದಲ್ಲೇ ಯಾರಾದ್ರೂ ಕೂತಿದ್ರಾ? ಎಲ್ಲಾ ಗಾಡೀಲಿ ಕೂತೋರು ತಾನೇ?"

"ಸುಮ್ನಿರೇ. ಹಿಂದೆ ಕೂತ್ರೇನು, ಮೇಲೆ ಕೂತ್ರೇನು. ಕುದುರೆ ಕುದುರೇನೇ."

"ಎದೇಲಿ ಸ್ಟೆಂಟಿದೆ ಅಂತ ಹೇಳ್ಲಾ?"

"ಮಾನ ಕಳೀಬೇಡ ಕಣೇ."

ಎರಡನೆಯ ದಿನ

ಬೆಳಿಗ್ಗೆ ಎಂಥ ಬಿಸಿಲು! ನುರ್ಲಾನ ಕಂದು ಕುದುರೆಯೊಂದಕ್ಕೆ ಜೀನು ಹಾಕಿ ತಂದ. ಸಾಧು ಪ್ರಾಣಿ, ಮುದುಕರು ಹತ್ತುವಂಥದು ಎಂದ. ನಮ್ಮವರು ಒಂದು ಬಂಡೆ ಹತ್ತಿ, ಅಲ್ಲಿಂದ ಹೇಗೋ ಅದರ ಮೇಲೆ ಕೂತರು. ಮಂಕಿ ಕ್ಯಾಪು, ನನ್ನ ಸ್ವೆಟರು, ಊರಿಂದ ತಂದ ಕ್ಯಾನ್ವಾಸ್ ಶೂ. ಕೂತ ಮೇಲೆ ನನ್ನ ಕಡೆ ತಿರುಗಿ ನಗಲು ನೋಡಿದರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನೋಡಿದ ಮುಖ, ಅದು ನಗುವಲ್ಲವೆಂದು ನನಗೆ ಗೊತ್ತಾಯಿತು. ಬೇಡ ಇಳೀರಿ ಎಂದು ಆಗಲೇ ಕೂಗಬೇಕಿತ್ತು. ನುರ್ಲಾನನ ಎದುರು ಅವರ ಮರ್ಯಾದೆ ಹೋದೀತೆಂದು ಬಾಯಿ ಕಟ್ಟಿಕೊಂಡೆ. ಇಬ್ಬರೂ ದಿಬ್ಬ ಏರಿ ಆಚೆ ಮರೆಯಾದರು.

ಊಟದ ಹೊತ್ತಿಗೆ ಬರುತ್ತೇವೆ ಎಂದಿದ್ದರು. ಊಟದ ಹೊತ್ತು ಕಳೆಯಿತು. ಪಡುವಲ ಬೆಟ್ಟದ ತಲೆ ಕಾಣದಾಯಿತು. ಗಾಳಿ ಒಮ್ಮೆಲೇ ತಣ್ಣಗಾಗಿ ಆಲಿಕಲ್ಲು ಬೀಳತೊಡಗಿತು. ಊರಲ್ಲಿ ಆಲಿಕಲ್ಲು ಬಿದ್ದರೆ ಮಕ್ಕಳು ಆಯ್ದು ತಿನ್ನುತ್ತವೆ. ಇದು ಹಾಗಲ್ಲ, ಗುಡಾರದ ಮೇಲೆ ಯಾರೋ ಜಲ್ಲಿ ಸುರಿಯುವಂತೆ ಬಿತ್ತು. ಆಮೇಲೆ ಹಿಮ. ಜೂನ್ ತಿಂಗಳಲ್ಲಿ ಹಿಮ! ಎದುರಿಗಿದ್ದ ದಿಬ್ಬ ಅಳಿಸಿಹೋಯಿತು. ಫೋನಿನಲ್ಲಿ ಸಿಗ್ನಲ್ ಇಲ್ಲ. ರಮ್ಯಾ ಏನೂ ಆಗಲ್ಲ ಅಮ್ಮಾ, ಏನೂ ಆಗಲ್ಲ ಎನ್ನುತ್ತಾ ಉಗುರು ಕಚ್ಚುತ್ತಿದ್ದಳು.

ಆಗ ನೆಲ ನಡುಗಿತು. ಹಿಮದೊಳಗಿಂದ ಮಂದೆ ನುಗ್ಗಿ ಬಂತು. ನೂರಾರು ಗೊರಸು, ಆವಿ, ಹೇಷಾರವ. ಗುಡಾರವನ್ನು ಸವರಿಕೊಂಡೇ ಓಡಿದವು. ಬೇರೆ ದಿನವಾಗಿದ್ದರೆ ನಾನು ರತ್ನಗಂಬಳಿಯಡಿ ಸೇರುತ್ತಿದ್ದೆ. ಅವತ್ತು ಬಾಗಿಲಲ್ಲೇ ನಿಂತು ಒಂದೊಂದರ ಬೆನ್ನನ್ನೂ ನೋಡಿದೆ. ಎಲ್ಲ ಬರಿಯ ಬೆನ್ನು. ಕೊನೆಯಲ್ಲಿ ಆ ಕಂದು ಕುದುರೆ ಬಂತು. ಜೀನು ಒಂದು ಕಡೆಗೆ ವಾಲಿತ್ತು. ಕಾಲಿಡುವ ಕಬ್ಬಿಣ ಹೊಟ್ಟೆಗೆ ಬಡಿಯುತ್ತಿತ್ತು. ಮೇಲೆ ಯಾರೂ ಇರಲಿಲ್ಲ.

ನಾನು ಕೂಗಿದೆ. ನಾನು ಅವರನ್ನು ಹೆಸರು ಹಿಡಿದು ಕರೆದವಳಲ್ಲ. ಅವತ್ತು ದಿಬ್ಬದ ಕಡೆ ಓಡಿ, ನನ್ನ ಸ್ವರ ನನಗೇ ಗುರುತು ಸಿಗದ ಹಾಗೆ "ರಾಜಣ್ಣಾ, ರಾಜಣ್ಣಾ" ಎಂದು ಕೂಗಿದೆ. ಹಿಮ ಸದ್ದನ್ನೆಲ್ಲ ನುಂಗಿಕೊಳ್ಳುತ್ತದೆ. ಕೂಗಿ, ಕಿವಿಗೊಟ್ಟು ನಿಂತು, ಮತ್ತೆ ಕೂಗಿದೆ. ಯಾರೂ ಓಗೊಡಲಿಲ್ಲ. ಸಾಯಿರಾ ಬಂದು ನನ್ನ ಸೊಂಟ ಬಳಸಿ ಎಳೆದುಕೊಂಡು ಹೋದಳು. ಅವಳ ಮಗನೂ ದಿಬ್ಬದಾಚೆಯೇ ಇದ್ದ. ಅದಕ್ಕಿಂತ ಹೆಚ್ಚಾಗಿ, ಅವಳ ಹುಲ್ಲುಗಾವಲಿಗೆ ಬಂದ ಅತಿಥಿ ಅವಳ ಕುದುರೆಯಿಂದ ಬಿದ್ದಿದ್ದ.

ನಾನು ಸೀರೆಯ ಸೆರಗಿನ ತುದಿಗೆ ಒಂದು ನಾಣ್ಯ ಕಟ್ಟಿ ನಮ್ಮೂರ ಅಮ್ಮನಿಗೆ ಹರಕೆ ಹೊತ್ತೆ. ಆ ದೇಶದ ನಾಣ್ಯ ಅವಳಿಗೆ ನಡೆಯುತ್ತದೋ ಇಲ್ಲವೋ ಎಂದು ಆ ಹೊತ್ತಿನಲ್ಲೂ ಒಂದು ಭಯ. ಸಾಯಿರಾ ನಾನು ಗಂಟು ಹಾಕುವುದನ್ನು ನೋಡಿದಳು. ಏನೆಂದು ಕೇಳಲಿಲ್ಲ. ಎದ್ದು ಹೊರಗೆ ಹೋದಳು. ಹೋದ ವರ್ಷದ ಆ ಮರಿ ಗುಡಾರದ ಮರೆಯಲ್ಲಿ ತಾಯಿಯ ಹೊಟ್ಟೆಗೆ ಒತ್ತಿಕೊಂಡು ನಿಂತಿತ್ತು. ಅದರ ಕತ್ತಿನ ಮೇಲೆ ಕೈಯಿಟ್ಟು ಏನೋ ಹೇಳಿಕೊಂಡು, ಎರಡೂ ಅಂಗೈಯಿಂದ ಮುಖ ಸವರಿಕೊಂಡಳು.

"ಅಪ್ಪ ವಾಪಸ್ ಬಂದ್ರೆ ಅದನ್ನ ದೇವರಿಗೆ ಬಲಿ ಕೊಡ್ತೀನಿ ಅಂತ ಕೇಳ್ಕೊಂಡ್ರಂತೆ" ಎಂದಳು ರಮ್ಯಾ, ಅಳುತ್ತಾ.

ಅಯ್ಯೋ ಪಾಪ ಎಂದು ನನಗೆ ಅನ್ನಿಸಲಿಲ್ಲ. ಅದೊಂದೇ ಯಾಕೆ, ಮಂದೆಯನ್ನೇ ಕೊಡು ತಾಯಿ, ಎಲ್ಲವನ್ನೂ ಕೊಡು ಎಂದು ಮನಸ್ಸಿನಲ್ಲಿ ಅಂದೆ.

ಅವರು ಬಂದಾಗ ಹಿಮ ನಿಂತು, ಇಳಿಬಿಸಿಲು ಮೂಡಿತ್ತು. ಮೊದಲು ನುರ್ಲಾನ ಕಂಡ, ತನ್ನ ಕುದುರೆಯ ಮುಂದೆ ನಡೆದು ಬರುತ್ತಿದ್ದ. ಕುದುರೆಯ ಮೇಲೆ ಯಾರೂ ಇರಲಿಲ್ಲ. ಕುದುರೆ ಪಕ್ಕಕ್ಕೆ ತಿರುಗಿದಾಗ, ಅದರ ಬಾಲವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು, ಒಂದು ಕಾಲಲ್ಲಿ ಶೂ ಇಲ್ಲದೆ, ಬೆನ್ನು ಬಗ್ಗಿಸಿಕೊಂಡು ಹಿಂದೆ ಬರುತ್ತಿದ್ದ ನಮ್ಮವರು ಕಂಡರು. ನಾನು ನಗಲೂ ಇಲ್ಲ, ಅಳಲೂ ಇಲ್ಲ. ಹೋಗಿ ಅವರ ಬೆನ್ನಿಗೆ ಗುದ್ದಿದೆ. ಕುದುರೆಯ ಹಿಂಗಾಲು ನನ್ನಿಂದ ಒಂದು ಮೊಳ ದೂರದಲ್ಲಿತ್ತು ಎಂದು ಹೊಳೆದದ್ದು ಬಹಳ ಹೊತ್ತಿನ ಮೇಲೆ.

ಆಲಿಕಲ್ಲಿಗೆ ಬೆದರಿ ಕುದುರೆ ಕುಪ್ಪಳಿಸಿತಂತೆ, ಇವರು ಹಳ್ಳದ ಕಡೆ ಉರುಳಿದರಂತೆ. ನುರ್ಲಾನ ಹುಡುಕಿ ತನ್ನ ಕುದುರೆ ಹತ್ತಿಸಲು ನೋಡಿದರೆ, ಮತ್ತೆ ಹತ್ತಲು ಕೈಕಾಲು ಬರಲಿಲ್ಲವಂತೆ. ಬಾಲ ಹಿಡಿದು ಬಂದೆ ಎಂದರು. ರಮ್ಯಾ ನಾಡಿ ಹಿಡಿದು, ಎದೆಗೆ ಕಿವಿಯಿಟ್ಟು, ಬಾತ ಮಣಿಕಟ್ಟಿಗೆ ಬಟ್ಟೆ ಸುತ್ತಿದಳು.

"ಅವರಿಗೆ ಹೇಳ್ಬಿಡು ಮಗಾ" ಎಂದರು ನಮ್ಮವರು. "ನಾವು ಕುದುರೆ ಮೇಲೆ ಕೂತೋರಲ್ಲ, ಹಿಂದೆ ಕೂತೋರು ಅಂತ ಹೇಳು. ನಂಗೆ ತುಂಬಾ ಭಯ ಆಯ್ತು ಅಂತಾನೂ ಹೇಳು."

ಭಯ ಎಂಬ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಆಪರೇಷನ್ ಕೋಣೆಗೆ ಒಯ್ಯುವಾಗಲೂ ಅಂದಿರಲಿಲ್ಲ.

ಮೂರನೆಯ ದಿನ

ಬೆಳಿಗ್ಗೆ ನುರ್ಲಾನ ಹಗ್ಗ ಹಿಡಿದು ಆ ಮರಿಯ ಕಡೆ ಹೋಗುವುದನ್ನು ಕಂಡಾಗ ನನಗೆ ನಿನ್ನೆಯ ಮಾತು ನೆನಪಾಯಿತು. ಗಂಡ ಬಂದಾಗಿತ್ತು, ಆದ್ದರಿಂದ ಈಗ ಕರುಣೆ ಬಂದಿತ್ತು. ಮನುಷ್ಯರ ಬುದ್ಧಿ ಇಷ್ಟೇ. ರಮ್ಯಾಳನ್ನು ಎಳೆದುಕೊಂಡು ಸಾಯಿರಾಳ ಹತ್ತಿರ ಓಡಿದೆ.

"ಕುರಿ ಕೊಡ್ಲಿ ಅಂತ ಹೇಳೇ. ದುಡ್ಡು ನಾವು ಕೊಡ್ತೀವಿ ಅನ್ನು. ಅದು ಬೇಡ, ಅದು ಇನ್ನೂ ಹಾಲು ಕುಡಿಯುತ್ತೆ."

ಸಾಯಿರಾ ನನ್ನ ಸೆರಗಿನ ಗಂಟನ್ನು ಬೆರಳಿನಿಂದ ಮುಟ್ಟಿದಳು.

"ನೀನು ಕೇಳ್ಕೊಂಡಿರೋದನ್ನ ಬದ್ಲಾಯಿಸ್ತೀಯಾ ಅಂತ ಕೇಳ್ತಿದಾರೆ ಅಮ್ಮಾ."

ಹುಂಜ ಕೊಡುತ್ತೇನೆಂದು ಹರಕೆ ಹೊತ್ತು ತೆಂಗಿನಕಾಯಿ ಒಡೆದವರ ಮನೆಗಳಲ್ಲಿ ಏನೇನಾಯಿತೆಂದು ನಮ್ಮೂರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಭಯದಲ್ಲೇ ಬೆಳೆದವಳು ನಾನು. ಬದಲಾಯಿಸಿದರೆ ಅದು ತಿರುಗಿ ಬರುವುದು ಯಾರ ತಲೆಗೆ? ಗುಡಾರದ ಹಿಂದೆ ಹೋಗಿ ಕಿವಿ ಮುಚ್ಚಿಕೊಂಡು ಕೂತೆ.

ಮಧ್ಯಾಹ್ನ ದೊಡ್ಡ ತಟ್ಟೆಯಲ್ಲಿ ಮಾಂಸ ಬಂತು. ಆಚೀಚೆ ಗುಡಾರಗಳವರೂ ಬಂದಿದ್ದರು. ಎಲ್ಲರೂ ಅಂಗೈ ಚಾಚಿ ನಮ್ಮವರ ಆಯಸ್ಸಿಗಾಗಿ ಬೇಡಿಕೊಂಡರು. ಗುರುತು ಪರಿಚಯವಿಲ್ಲದ ಜನ, ನನ್ನ ಗಂಡನ ಆಯಸ್ಸಿಗಾಗಿ. ಮೊದಲ ತುಂಡನ್ನು ಸಾಯಿರಾ ನನಗೆ ಚಾಚಿದಳು. ನಮ್ಮವರು ತಲೆ ತಗ್ಗಿಸಿದ್ದರು. ಅವರ ಮುಂದಿದ್ದ ತಟ್ಟೆ ಹಾಗೇ ಇತ್ತು.

"ಬೇಡ ಅಂದ್ರೆ ಅವರೇನೂ ತಪ್ಪು ತಿಳ್ಕೊಳಲ್ಲ ಅಮ್ಮಾ" ಎಂದು ರಮ್ಯಾ ಪಿಸುಗುಟ್ಟಿದಳು.

ಅವರು ತಿಳಿದುಕೊಳ್ಳುವುದಿಲ್ಲ, ಸರಿ. ಹರಕೆಯ ಪ್ರಸಾದವನ್ನು ಬೇಡವೆಂದರೆ ಕೊಟ್ಟದ್ದನ್ನು ಹಿಂದಕ್ಕೆ ಕೇಳುವವರು ಮೇಲೊಬ್ಬರಿದ್ದಾರಲ್ಲ, ನನಗೆ ಭಯ ಅವರದು. ಧೈರ್ಯದಿಂದ ತಿಂದೆ ಎಂದು ಹೇಳಿಕೊಳ್ಳುವುದಿಲ್ಲ. ಹೆದರಿ ತಿಂದೆ. ಕಣ್ಣಿಗೊತ್ತಿಕೊಂಡು, ಬಾಯಿಗೆ ಹಾಕಿಕೊಂಡು, ಅಗಿದು ನುಂಗಿದೆ. ನಮ್ಮವರು ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಅವರೂ ಒಂದು ಚೂರು ತೆಗೆದುಕೊಂಡರು. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಸಾಯಿರಾ ನೋಡಿದರೂ ನೋಡದ ಹಾಗೆ ಚಹಾ ಬಗ್ಗಿಸಿದಳು.

"ನಮ್ಮ ಕೊನೇ ಕುದುರೆ ಯಾರಿಗೆ ಹೋಯ್ತು ಗೊತ್ತೇನೇ?" ಎಂದರು ಅವರು ನನಗೊಬ್ಬಳಿಗೇ ಕೇಳುವ ಹಾಗೆ. "ಯಾರೋ ಬಂದಿದ್ದ. ತೋಟದಲ್ಲಿ ಇಟ್ಕೊಂಡು ಸಾಕ್ತೀನಿ ಅಂದ. ಯಾವ ತೋಟ ಅಂತ ಅಪ್ಪ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ." ಹುಣಸೇಮರದ ಕೆಳಗಿನ ಆ ಸಾಲಿನಲ್ಲಿದ್ದ ಅಷ್ಟೂ ಕುದುರೆಗಳು ಎಲ್ಲಿ ಹೋದವೆಂದು ನಮ್ಮ ಊರಿನಲ್ಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಸಂಜೆಗೆ ಮುಂಚೆ ಜೀಪು ಬಂತು. ಸಾಯಿರಾ ನನ್ನನ್ನು ತಬ್ಬಿಕೊಂಡಳು, ಬಿಡುವಾಗ ಇಬ್ಬರ ಮುಖವೂ ಒದ್ದೆಯಾಗಿತ್ತು. ಹತ್ತಿ ಕೂತ ಮೇಲೆ ಆ ಬೂದುಬಣ್ಣದ ತಾಯಿ ಕುದುರೆ ಮಂದೆಯನ್ನು ಬಿಟ್ಟು ಗುಡಾರದ ಹತ್ತಿರ ಬಂದಿತು. ಹಾಲು ಕಟ್ಟಿಕೊಂಡು ಕೆಚ್ಚಲು ಬಿಗಿದಿತ್ತು. ಗುಡಾರದ ಮರೆಯನ್ನು ಮೂಸಿ, ತಲೆಯೆತ್ತಿ ಕೂಗಿತು. ಕಿವಿ ನಿಮಿರಿಸಿ ನಿಂತಿತು. ಮತ್ತೆ ಕೂಗಿತು.

"ಗ್ಲಾಸ್ ಏರಿಸ್ಲಾ?" ಎಂದರು ನಮ್ಮವರು.

ಬೇಡ ಎಂದೆ. ಕೂಗಿ, ಕಿವಿಗೊಟ್ಟು, ಮತ್ತೆ ಕೂಗುವುದೆಂದರೆ ಏನೆಂದು ಆ ಜೀಪಿನಲ್ಲಿ ನನಗೊಬ್ಬಳಿಗೆ ಗೊತ್ತಿತ್ತು. ಅವರ ಬಾತ ಕೈಯನ್ನು ನನ್ನ ಮಡಿಲಲ್ಲಿಟ್ಟುಕೊಂಡೆ. ತಿರುವು ದಾಟಿ ಗುಡಾರ ಕಾಣದಾದ ಮೇಲೂ ಬಹಳ ದೂರದವರೆಗೆ ಅದು ಕೂಗುವುದು ಕೇಳಿಸುತ್ತಿತ್ತು.